ಮೂವತ್ತನಾಲ್ಕು ಅಂಕದ ಆಟ

ಕಾಂಬಳೆ ಸರ್ ಅವರಿಗೆ,

ಗೋಕುಲ ರಸ್ತೆಯ ರೇಣುಕಾ ಮಾಡುವ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಕ್ಷಮೆ ಕೇಳಬೇಕೆಂದು ಈ ಪತ್ರ ಬರೆಯಲು ಕೂತವಳಲ್ಲ ನಾನು. ಒಂದು ಅನುಮಾನ ಬಗೆಹರಿಸಿಕೊಳ್ಳಬೇಕಾಗಿದೆ. ನೀವು ಹೋಗಿ ಮೂರು ವರ್ಷವಾಯಿತು, ಹೋದವರನ್ನು ಕೇಳಿದರೆ ಉತ್ತರ ಬರುವುದಿಲ್ಲ ಎಂದು ನನಗೂ ಗೊತ್ತು. ಆದರೆ ಇದ್ದವರು ಕೊಟ್ಟ ಉತ್ತರವನ್ನು ತಾನೇ ನಾನು ಯಾವತ್ತು ನಂಬಿದ್ದೆ? ಅವ್ವ ಮನೆಗೆ ಬಂದವರ ಮುಂದೆಲ್ಲ, "ಇಕಿ ಗುಡ್ಯಾಗಿನ ತೀರ್ಥಾನೂ ಮೂಸಿ ನೋಡಿ ಕುಡ್ಯಾಕಿ" ಎನ್ನುತ್ತಿದ್ದಳು. ಅದನ್ನು ಕೇಳಿ ನೀವು ನಕ್ಕಿದ್ದಿರಿ. ನೀವು ಯಾಕೆ ನಕ್ಕಿರಿ ಎಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ನೀವು ಮೊದಲ ಸಲ ನಮ್ಮ ಮನೆಗೆ ಬಂದದ್ದು ಹುಡುಗರನ್ನು ಹಿಡಿಯಲು. ತೊಂಬತ್ತೇಳನೆಯ ಇಸವಿ ಇರಬೇಕು. ಅಣ್ಣ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಟಿ.ವಿ. ಇಟ್ಟು ವಿಡಿಯೋ ಗೇಮ್ ಅಂಗಡಿ ತೆಗೆದಿದ್ದ. ಪಿಯುಸಿ ಮುಗಿಸಿದ ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದೆ. ಗಣಿತದ ತಾಸು ತಪ್ಪಿಸಿ ಬಂದ ನಿಮ್ಮ ಹುಡುಗರು ನಿಮ್ಮ ಸೈಕಲ್ಲಿನ ಗಂಟೆ ಕೇಳಿದ್ದೇ ಹಿತ್ತಲ ಬಾಗಿಲಿಂದ ಓಟ ಕಿತ್ತರು. ಈಗ ನನಗೆ ಬೈಗುಳ ಎಂದುಕೊಂಡೆ. ನೀವು ಮಾತ್ರ ಆಡುವವರಿಲ್ಲದೆ ನಡೆಯುತ್ತಿದ್ದ ಒಂದು ಟಿ.ವಿ.ಯ ಮುಂದೆ ನಿಂತು, ಮೇಲಿನಿಂದ ಬೀಳುವ ಇಟ್ಟಿಗೆಗಳು ತುದಿಯವರೆಗೆ ತುಂಬಿ ಆಟ ಮುಗಿಯುವ ತನಕ ನೋಡಿದಿರಿ. ಇದರಲ್ಲಿ ಗೆಲ್ಲುವುದು ಯಾವಾಗ ಎಂದು ಕೇಳಿದಿರಿ. ಗೆಲ್ಲುವುದಿಲ್ಲ ಸರ್, ಸೋಲುವ ತನಕ ಆಡುವುದು ಎಂದೆ. ಕುರ್ಚಿ ಎಳೆದುಕೊಂಡು ಕೂತವರು ಐದು ಗಂಟೆಗೆ ಎದ್ದಿರಿ. ಈ ಮಾಸ್ತರರು ಹುಡುಗರ ನೆಪ ಮಾಡಿಕೊಂಡು ಪುಕ್ಕಟೆ ಆಡಲು ಬಂದಿದ್ದಾರೆ ಎಂದು ಅಣ್ಣನ ಮುಂದೆ ಹೇಳಿದ್ದೆ.

ನೀವು ಮತ್ತೆ ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಆಟವೆಂದರೆ ಪ್ರಶ್ನೆಪತ್ರಿಕೆ ಇದ್ದ ಹಾಗೆ ಎಂದು ನನಗೂ ಅಣ್ಣನಿಗೂ ಪಾಠ ಮಾಡಿದಿರಿ. ಸುಲಭದ್ದು ಮೊದಲು ಬರಬೇಕು, ಕಠಿಣದ್ದು ಆಮೇಲೆ. ಕಲಿಸದೇ ಇದ್ದದ್ದನ್ನು ಕೇಳಬಾರದು. ಓದಿದವನಿಗೂ ಓದದವನಿಗೂ ವ್ಯತ್ಯಾಸ ಕಾಣಬೇಕು. ಆಡುವವರ ಪರೀಕ್ಷೆ ಮಾಡುವುದು ಆಟ, ಆ ಪರೀಕ್ಷೆಯ ಪರೀಕ್ಷೆ ಯಾರು ಮಾಡುತ್ತಾರೆ? ಮುಂಬೈಯಿಂದ ಬರುತ್ತಿದ್ದ ಬಣ್ಣದ ಇಂಗ್ಲಿಷ್ ಮಾಸಿಕವನ್ನು ನಾನು ತಂದು ತೋರಿಸಿದೆ. ಅದರಲ್ಲಿ ಎಲ್ಲ ಆಟಕ್ಕೂ ಹತ್ತಕ್ಕೆ ಒಂಬತ್ತು, ಪಕ್ಕದ ಪುಟದಲ್ಲಿ ಅದೇ ಆಟದ ಜಾಹೀರಾತು. ನೀವು ಕನ್ನಡಕ ಮೇಲೇರಿಸಿ ನೋಡಿ, "ಇಡೀ ಕ್ಲಾಸಿಗೆ ಡಿಸ್ಟಿಂಕ್ಷನ್ ಬಂದೈತಿ ಅಂದ್ರ ಪೇಪರ್ ಔಟ್ ಆಗೇತಿ ಅಂತ ಅರ್ಥ" ಎಂದಿರಿ. ನನ್ನ ಹಾಗೆ ಅನುಮಾನ ಪಡುವ ಇನ್ನೊಂದು ಪ್ರಾಣಿ ಹುಬ್ಬಳ್ಳಿಯಲ್ಲಿದೆ ಎಂದು ಅವತ್ತು ಗೊತ್ತಾಯಿತು.

ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ನಮ್ಮ ಅಂಕಣ ಶುರುವಾಯಿತಲ್ಲ, ಆ ಮೊದಲ ಭಾನುವಾರ ನೆನಪಿದೆಯೇ? ವಾರಕ್ಕೊಂದು ಆಟ, ನೂರಕ್ಕೆ ಇಷ್ಟು ಅಂಕ, ಕೆಳಗೆ ಎಂಟು ಸಾಲಿನ ಷರಾ. ನಿಯಮ ತಿಳಿಯುವಂತಿದೆಯೇ ಎಂಬುದಕ್ಕೆ ಇಪ್ಪತ್ತು, ನ್ಯಾಯಕ್ಕೆ ಮೂವತ್ತು, ಕೈಗೆ ಒಗ್ಗುವುದಕ್ಕೆ ಇಪ್ಪತ್ತು, ನೋಟ ಮತ್ತು ಸಪ್ಪಳಕ್ಕೆ ಹತ್ತು, ಮತ್ತೆ ಆಡಬೇಕು ಅನ್ನಿಸುವುದಕ್ಕೆ ಇಪ್ಪತ್ತು. ಚಿತ್ರಗಳಿಗೆ ಬರೀ ಹತ್ತೇ ಎಂದು ಹುಡುಗರು ಜಗಳಕ್ಕೆ ಬಂದರು. ಅಕ್ಷರ ದುಂಡಗಿದ್ದರೆ ಉತ್ತರ ಸರಿ ಆಗುತ್ತದೇನು ಎಂದು ಗದರಿಸಿ ಕಳಿಸಿದಿರಿ. ನ್ಯಾಯದಲ್ಲಿ ಹತ್ತರೊಳಗೆ ಬಂದ ಆಟಕ್ಕೆ ಕೊನೆಯ ಖಾನೆಯಲ್ಲಿ ಐದರ ಮೇಲೆ ಕೊಡಬಾರದು ಎಂಬ ಕಟ್ಟಳೆಯೂ ನಿಮ್ಮದೇ. ಮೋಸ ಹೋದ ಹುಡುಗ ಮತ್ತೆ ಬರುತ್ತಾನೆಂದರೆ ಅದು ಚಟ, ಆಟವಲ್ಲ ಎನ್ನುತ್ತಿದ್ದಿರಿ.

ಆಟ ಹಾಕುವಾಗ ನೀವು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಿರಿ. ಕಂಪನಿಯ ಹೆಸರು, ಆಟದ ಹೆಸರು ಬಂದು ಹೋದ ಮೇಲೆ ನಾನು "ಆತ್ರಿ ಸರ್" ಅನ್ನಬೇಕು, ಆಮೇಲೆ ತಿರುಗುವುದು. ಊರಿನ ಚಿಕ್ಕ ಹುಡುಗರಿಗೂ ಗೊತ್ತಿದ್ದ ಆಟಕ್ಕೂ ಇದೇ ಶಾಸ್ತ್ರ. ಅಣ್ಣ ಅಡುಗೆಮನೆಗೆ ಹೋಗಿ ನಕ್ಕು ಬರುತ್ತಿದ್ದ. ನೀವು ಕೆಂಪು ಪೆನ್ನಿನಲ್ಲಿ ನಿಮ್ಮ ಚೀಟಿಯಲ್ಲಿ, ನಾನು ಹಸಿರಿನಲ್ಲಿ ನನ್ನ ಚೀಟಿಯಲ್ಲಿ ಅಂಕ ಬರೆದು ಮಡಚಬೇಕು, ಒಬ್ಬರದು ಒಬ್ಬರು ನೋಡಬಾರದು. ಹತ್ತರೊಳಗಿನ ಅಂತರವಿದ್ದರೆ ಸರಾಸರಿ. ಹೆಚ್ಚಾದರೆ ಇಬ್ಬರೂ ಕೂತು ಮತ್ತೊಮ್ಮೆ ಆಡಬೇಕು. ನನಗೇಕೆ ಹಸಿರು ಎಂದು ಕೇಳಿದೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ಬೇರೆಯವರು ಕೊಟ್ಟ ಅಂಕವನ್ನು ತಿರುಗಿ ನೋಡುವವರ ಪೆನ್ನು ಅದು, ನಿನ್ನ ಸಂಶಯದ ಗುಣಕ್ಕೆ ಅದೇ ಸರಿ ಎಂದಿರಿ. ಎರಡನೆಯವಳು ಎಂದು ಗುರುತು ಹಾಕಲು ಕೊಟ್ಟ ಬಣ್ಣ ಇರಬೇಕು ಎಂದು ನಾನು ಒಳಗೊಳಗೇ ಮುನಿಸಿಕೊಂಡಿದ್ದೆ.

ಕಾರು ಓಡಿಸುವ ಆಟವೊಂದನ್ನು ನೀವು ಹಿಡಿದು ಹಾಕಿದ ದಿನವನ್ನು ಮಾತ್ರ ನಾನು ಮರೆಯಲಾರೆ. ಎಷ್ಟು ಚೆನ್ನಾಗಿ ಓಡಿಸಿದರೂ ಹಿಂದಿನ ಕಾರು ಬಂದು ಮುಟ್ಟುತ್ತದೆ, ಎಷ್ಟು ಕೆಟ್ಟದಾಗಿ ಓಡಿಸಿದರೂ ಮುಂದಿನ ಕಾರು ದೂರ ಹೋಗುವುದಿಲ್ಲ. ಹುಡುಗರಿಗೆ ಅದೇ ಮಜಾ. ನೀವು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಬೇಕೆಂದೇ ಆಮೆಯ ಹಾಗೆ ಓಡಿಸಿದಿರಿ. ಉಳಿದ ಕಾರುಗಳೂ ನಿಮ್ಮ ಸಲುವಾಗಿ ನಿಧಾನವಾದವು. ಓದಿದವನಿಗೂ ಓದದವನಿಗೂ ಒಂದೇ ಅಂಕ ಕೊಡುವ ಆಟ ಎಂದು ಐವತ್ತೇಳು ಬರೆದಿರಿ. ಹೊಡೆದಾಟದ ಆಟಕ್ಕೆ ಮೂವತ್ತೆಂಟು, ಏಕೆಂದರೆ ತಿಂಗಳುಗಟ್ಟಲೆ ಪಟ್ಟು ಕಲಿತ ಹುಡುಗನನ್ನು, ಕಣ್ಣು ಮುಚ್ಚಿ ಎಲ್ಲ ಗುಂಡಿ ಒತ್ತಿದ ಅವನ ತಂಗಿ ಸೋಲಿಸಿದಳು. ಕ್ರಿಕೆಟ್ ಆಟದಲ್ಲಿ ಒಂದೇ ಗುಂಡಿಗೆ ಎಲ್ಲ ಚೆಂಡೂ ಸಿಕ್ಸರ್ ಹೋಗುತ್ತಿತ್ತು, ಅದಕ್ಕೆ ನಲವತ್ನಾಲ್ಕು. ರಾಜ್ಯ ಕಟ್ಟುವ ಆಟಕ್ಕೆ ಮೂರು ವಾರ ತೆಗೆದುಕೊಂಡು ಎಂಬತ್ಮೂರು ಕೊಟ್ಟಿರಿ. ಆ ಇಟ್ಟಿಗೆ ಬೀಳುವ ಆಟಕ್ಕೆ ತೊಂಬತ್ತೊಂದು. ಸೋತಾಗ ತಪ್ಪು ನನ್ನದೇ ಎಂದು ಗೊತ್ತಾಗುತ್ತದೆ, ಅದಕ್ಕಿಂತ ದೊಡ್ಡ ನ್ಯಾಯ ಯಾವುದು ಎಂದು ಷರಾ ಬರೆದಿರಿ.

ಗುಂಡು ಹಾರಿಸುವ ಆಟಕ್ಕೆ ನೀವು ಎಪ್ಪತ್ತೆರಡು ಕೊಟ್ಟಾಗ ಪಾಲಕರಿಂದ ಪತ್ರಿಕೆಗೆ ಪತ್ರಗಳು ಬಂದವು. ಮಾಸ್ತರರಾಗಿ ಇಂಥದ್ದನ್ನು ಹೊಗಳುವುದೇ ಎಂದು ಒಬ್ಬರು ಮನೆಗೇ ಬಂದು ಕೇಳಿದರು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುವುದನ್ನು ಅವತ್ತು ಕಣ್ಣಾರೆ ಕಂಡೆ. ಪ್ರಶ್ನೆಪತ್ರಿಕೆ ಚೆನ್ನಾಗಿದೆ, ವಿಷಯ ಕೆಟ್ಟದ್ದು, ಎರಡನ್ನೂ ಷರಾದಲ್ಲಿ ಬರೆದಿದ್ದೇನೆ, ಆದರೆ ವಿಷಯ ಇಷ್ಟವಿಲ್ಲವೆಂದು ಅಂಕ ಕಡಿಯಲಾರೆ ಎಂದು ನೀವು ಶಾಂತವಾಗಿ ಹೇಳಿದಿರಿ. ನಾನು ಒಳಗೆ ಕೂತು, ಇವರಿಗೆ ಆ ಆಟದ ಸಿ.ಡಿ. ಮಾರುವವರು ಏನಾದರೂ ಕೊಟ್ಟಿರಬಹುದೇ ಎಂದು ಯೋಚಿಸುತ್ತಿದ್ದೆ. ಸುಳ್ಳೇಕೆ ಹೇಳಲಿ? ನಿಮ್ಮನ್ನು ನಾನು ಪರೀಕ್ಷೆಯನ್ನೂ ಮಾಡಿದ್ದೇನೆ. ಅರವತ್ತೆರಡು ಬಂದಿದ್ದ ಆಟವೊಂದನ್ನು ಆರು ತಿಂಗಳ ಮೇಲೆ, ಹೊಸ ಆವೃತ್ತಿ ಬಂದಿದೆ ಎಂದು ಸುಳ್ಳು ಹೇಳಿ ಮತ್ತೆ ಹಾಕಿದೆ. ಅರವತ್ತೊಂದು ಕೊಟ್ಟಿರಿ. ಹೊಸದೇನೂ ಇಲ್ಲ, ಒಂದು ಅಂಕ ಬೇಸರಕ್ಕೆ ಕಳೆದದ್ದು ಎಂದಿರಿ.

ಒಂದು ಮಧ್ಯಾಹ್ನ, ಅಣ್ಣ ಊರಲ್ಲಿರಲಿಲ್ಲ, ಅವ್ವ ಕೊಟ್ಟ ಚುರಮುರಿ ತಿನ್ನುತ್ತ ಕೂತಿದ್ದೆವು. ಗೋಡೆಯ ಕಡೆ ಮುಖ ಮಾಡುವುದೇಕೆ ಸರ್, ಜನ ನಗುತ್ತಾರೆ ಎಂದೆ. ನೀವು ಚುರಮುರಿಯಲ್ಲಿನ ಶೇಂಗಾ ಆರಿಸಿ ಒಂದು ಬದಿಗಿಟ್ಟಿರಿ. ಆಮೇಲೆ ಹೇಳಿದಿರಿ. "ಸಾಲ್ಯಾಗ ಒಬ್ರು ನನ್ನ ಅಡ್ಡಹೆಸರು ನೋಡಿ ನಾಕು ಅಂಕ ಕಡದ್ರು. ಮುಂದ ಹೈಸ್ಕೂಲಿನ್ಯಾಗ ಇನ್ನೊಬ್ರು ಅದ ಹೆಸರು ನೋಡಿ, ಪಾಪ ಅಂತ ನಾಕು ಹೆಚ್ಚಿಗಿ ಹಾಕಿದ್ರು. ನನಗ ಎರಡೂ ಬ್ಯಾಡಾಗಿತ್ತು, ರೇಣುಕಾ." ಗಬ್ಬೂರಿನ ನಿಮ್ಮ ಮನೆಯಲ್ಲಿ ಬುದ್ಧನ ಚಿತ್ರದ ಕೆಳಗೆ ನೀವು ಹಾಕಿಕೊಂಡಿದ್ದ ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ನಾನು ನೋಡಿದ್ದೆ. ಎಷ್ಟು ಅಹಂಕಾರ ಎಂದುಕೊಂಡಿದ್ದೆ. ಆ ಪರೀಕ್ಷೆಯಲ್ಲಿ ಮಾತ್ರ ಪೇಪರಿನ ಮೇಲೆ ಹೆಸರಿರಲಿಲ್ಲ, ಬರೀ ನಂಬರಿತ್ತು. ಅದಕ್ಕೇ ನೀವು ಅದನ್ನು ಇಟ್ಟುಕೊಂಡದ್ದು ಎಂದು ಅವತ್ತು ತಿಳಿಯಿತು.

ಇಷ್ಟೆಲ್ಲ ಕೇಳಿಸಿಕೊಂಡವಳು ಮುಂದೆ ಮಾಡಿದ್ದೇನು? ಬಿ.ಎಸ್ಸಿ. ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ನೀವು ಕಂಡಾಗಲೆಲ್ಲ ಬಿ.ಎಡ್. ಮಾಡು ಎನ್ನುತ್ತಿದ್ದಿರಿ, ನಾನು ಹೂಂ ಎಂದು ತಲೆಯಾಡಿಸಿ ಎಂಟು ತಿಂಗಳು ಗುಟ್ಟಾಗಿ ಒಂದು ಆಟ ಬರೆದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸು. ಆಡುವವರು ಕಂಡಕ್ಟರ್. ಉಣಕಲ್, ನವನಗರ, ರಾಯಾಪುರ, ಸತ್ತೂರು, ಒಂದೊಂದು ನಿಲ್ದಾಣದಲ್ಲೂ ಜನ ಹತ್ತುತ್ತಾರೆ, ಕೆಲವರು ಟಿಕೆಟ್ ತೆಗೆಸುವುದಿಲ್ಲ. ಧಾರವಾಡ ಮುಟ್ಟುವುದರೊಳಗೆ ಅಂಥವರನ್ನು ಹಿಡಿಯಬೇಕು. ಟಿಕೆಟ್ ಇದ್ದವರನ್ನು ತಡವಿದರೆ ಅಂಕ ಹೋಗುತ್ತದೆ. ನಮ್ಮ ರಸ್ತೆಯ ಕಂಪ್ಯೂಟರ್ ಅಂಗಡಿಯವರು, ನಿಮ್ಮ ಅಂಕಣದಲ್ಲಿ ಅರವತ್ತು ಬರಲಿ, ಹೊಸ ಕಂಪ್ಯೂಟರಿನ ಜೊತೆ ಕೊಡುವ ಸಿ.ಡಿ.ಯಲ್ಲಿ ಹಾಕುತ್ತೇವೆ ಎಂದಿದ್ದರು. ಅದಾದರೆ ಮಾಸ್ತರಿಕೆ ಬೇಡ, ಆಟ ಬರೆಯುವುದೇ ನನ್ನ ಕೆಲಸ ಎಂದು ಮನೆಯಲ್ಲಿ ಹೇಳುವುದು ಎಂದು ನಿರ್ಧಾರ ಮಾಡಿದ್ದೆ. ಇಂಜಿನಿಯರಿಂಗ್ ಹುಡುಗರು ಕಳಿಸಿದ ಆಟ ಎಂದು ನಿಮ್ಮ ಮುಂದೆ ಸುಳ್ಳು ಹೇಳಿ, ಅಣ್ಣ ಅಷ್ಟರಲ್ಲಿ ಅಂಗಡಿಗೆ ತಂದಿದ್ದ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕಿದೆ. ಹುಬ್ಬಳ್ಳಿ-ಧಾರವಾಡ ಬಸ್ಸಿನ ಕಂಡಕ್ಟರನ ಮಗಳು ತಂದಿಟ್ಟ ಕಂಡಕ್ಟರನ ಆಟ ಯಾರದು ಎಂದು ಕುರುಡನಿಗೂ ತಿಳಿಯುತ್ತದೆ, ಜಾಣೆ ಎಂದುಕೊಂಡ ನನಗೆ ಹೊಳೆಯಲಿಲ್ಲ.

ನೀವು ಎರಡು ತಾಸು ಆಡಿದಿರಿ. ನಾನು ನನ್ನ ಚೀಟಿಯಲ್ಲಿ ಎಪ್ಪತ್ತೆಂಟು ಬರೆದೆ. ನನ್ನ ಆಟಕ್ಕೆ ನಾನೇ, ಹಸಿರು ಪೆನ್ನಿನಲ್ಲಿ, ನಾಚಿಕೆಯಿಲ್ಲದೆ. ನಿಮ್ಮ ಚೀಟಿ ಬಿಚ್ಚಿದರೆ ಮೇಲುಗಡೆ ಮೂವತ್ತನಾಲ್ಕು. ಪಾಸಿಗೆ ಒಂದು ಕಡಿಮೆ. ಷರಾದಲ್ಲಿ ಒಂದೇ ಸಾಲು, "ಕಳ್ಳರು ಯಾರೆಂದು ಆಟಕ್ಕೆ ಗೊತ್ತಿದೆ, ಆಡುವವರಿಗೆ ತಿಳಿಯುವ ದಾರಿಯಿಲ್ಲ." ಒಂದು ಅಂಕ, ಸರ್. ತೀರ ಕೆಟ್ಟ ಹುಡುಗನಿಗೂ ಮಾಸ್ತರರು ಆ ಒಂದು ಅಂಕ ಎಲ್ಲಿಂದಾದರೂ ಹುಡುಕಿ ಹಾಕುವುದಿಲ್ಲವೇ? ನೀವು ನನ್ನ ಮುಖ ನೋಡಲಿಲ್ಲ, ಕಂಪ್ಯೂಟರಿನ ಪರದೆಯನ್ನೇ ನೋಡುತ್ತ, "ಅಂತರ ಭಾಳ ಐತಿ. ಬಾ, ಕೂಡ್ರು, ಮತ್ತೊಮ್ಮೆ ನೋಡೂಣು" ಎಂದಿರಿ. ನಾನು ಸಿ.ಡಿ. ತೆಗೆದುಕೊಂಡು, ಇವತ್ತು ತಲೆನೋವು ಎಂದು ಒಳಗೆ ಹೋದೆ. ನೀವು ಸೈಕಲ್ ಹತ್ತುವ ಸಪ್ಪಳ ಕೇಳುವ ತನಕ ಹೊರಗೆ ಬರಲಿಲ್ಲ.

ಮುಂದಿನ ವಾರ ನೀವು ಬಂದಾಗ ನಾನು ಮನೆಯಲ್ಲಿದ್ದೂ ಇಲ್ಲವೆಂದು ಅವ್ವನ ಕಡೆ ಹೇಳಿಸಿದೆ. ಅದರ ಮುಂದಿನ ವಾರವೂ. ಆಮೇಲೆ ಪತ್ರಿಕೆಯಲ್ಲಿ ಒಂದು ಸಾಲು ಬಂತು, "ಎರಡನೆಯ ಮೌಲ್ಯಮಾಪಕರು ಇಲ್ಲದ ಕಾರಣ ಅಂಕಣ ನಿಲ್ಲಿಸಲಾಗಿದೆ." ಊರಿಗೆಲ್ಲ ನನ್ನ ಹೆಸರು ಕೆಡಿಸಲು ಹೀಗೆ ಹಾಕಿಸಿದ್ದೀರಿ ಎಂದುಕೊಂಡೆ. ನನ್ನ ತಲೆಯಲ್ಲಿ ಆಗ ಒಂದೇ ಲೆಕ್ಕ. ಇವರಿಗೆ ಆಟ ಯಾರದೆಂದು ಗೊತ್ತಿತ್ತು. ನನ್ನನ್ನು ಬಿ.ಎಡ್.ಗೆ ತಳ್ಳಬೇಕಾಗಿತ್ತು, ಅದಕ್ಕೆ ನನ್ನ ಆಟದ ಕುತ್ತಿಗೆ ಹಿಚುಕಿದರು. ಅದೂ ಒಂದು ಅಂಕದಲ್ಲಿ, ನೋವು ಹೆಚ್ಚಾಗಲಿ ಎಂದು. ಹೆಸರು ನೋಡಿ ಅಂಕ ಕಡಿಯುವವರ ಬಗ್ಗೆ ಅಷ್ಟು ಮಾತಾಡಿದವರು ಕೊನೆಗೆ... ಆ ವಾಕ್ಯವನ್ನು ಎಷ್ಟು ಸಲ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹೇಳಿಕೊಂಡಿದ್ದೇನೋ. ಮತ್ತೆ ನಾನು ಮಾಡಿದ್ದೇನು? ಬಿ.ಎಡ್.ಗೇ ಅರ್ಜಿ ಹಾಕಿದೆ. ನೀವು ಗೆದ್ದಿರಿ ಎಂದು ಅದಕ್ಕೂ ನಿಮ್ಮ ಮೇಲೆಯೇ ಸಿಟ್ಟು.

ನೀವು ಹೋದದ್ದು ನನಗೆ ತಿಳಿದದ್ದು ಮೂರು ದಿನದ ಮೇಲೆ. ಗಬ್ಬೂರಿಗೆ ಹೋದೆ. ನಿಮ್ಮ ಮನೆಯವರು ಚಹಾ ಕೊಟ್ಟು, ನಿನ್ನ ಬಗ್ಗೆ ಬಹಳ ಕೇಳುತ್ತಿದ್ದರವ್ವ ಎಂದರು. ಸತ್ತವರ ಮನೆಯಲ್ಲಿ ಎಲ್ಲರಿಗೂ ಹೀಗೇ ಹೇಳುತ್ತಾರೆ ಎಂದುಕೊಂಡೆ. ಏನು ಕೇಳುತ್ತಿದ್ದರು ಎಂದು ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ನಾನು ಆಗಲೇ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ, ಆ ಸುದ್ದಿಯನ್ನೂ ಅವರ ಮುಂದೆ ಆಡಲಿಲ್ಲ. ಬರುವಾಗ ಬಸ್ಸಿನಲ್ಲಿ ಅಳು ಬಂತು. ಅದು ಸಿಟ್ಟಿನ ಅಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈ ಸಲದ ಏಪ್ರಿಲ್‌ನಲ್ಲಿ ನನಗೆ ಮೊದಲ ಬಾರಿಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಕರೆ ಬಂತು, ಧಾರವಾಡದ ಮಾಳಮಡ್ಡಿಯ ಒಂದು ಶಾಲೆಯಲ್ಲಿ. ಬಿಸಿಲಿಗೆ ಫ್ಯಾನಿನ ಗಾಳಿಯೂ ಸುಡುತ್ತಿತ್ತು. ಒಂದು ಪೇಪರ್ ಕೂಡಿಸಿದರೆ ಮೂವತ್ತನಾಲ್ಕು. ಹುಡುಗನ ಉತ್ತರದ ದಾರಿ ವಿಚಿತ್ರವಾಗಿತ್ತು, ಆದರೆ ಪೂರ್ತಿ ತಪ್ಪು ಎನ್ನಲೂ ಧೈರ್ಯವಿಲ್ಲ. ಒಂದು ಅಂಕ ಎಲ್ಲಿ ಸಿಗಬಹುದು ಎಂದು ಪುಟ ತಿರುವುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೊಸಮನಿ ಅಕ್ಕೋರು, ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದವರು, ನನ್ನ ಕೈ ಹಿಡಿದರು.

"ಹುಡುಕಬ್ಯಾಡ, ಹಂಗ ಬಿಡು. ಮೂವತ್ತೈದು ಹಾಕಿದ್ರ ಯಾರೂ ತಗದು ನೋಡಂಗಿಲ್ಲ, ಇಪ್ಪತ್ತು ಹಾಕಿದ್ರೂ ನೋಡಂಗಿಲ್ಲ. ಮೂವತ್ನಾಕು ಇದ್ದದ್ದನ್ನ ಹಸಿರು ಪೆನ್ನಿನವ್ರು ಮೊದಲಿಂದ ಕಡೀತನಾ ಓದಬೇಕಾಕೈತಿ. ನಿನಗ ತಿಳೀಲಿಲ್ಲಂದ್ರ ಅವ್ರಿಗೆ ತಿಳೀತೈತಿ."

ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದೆ, ನನ್ನ ಗುಣ ನಿಮಗೆ ಗೊತ್ತಲ್ಲ. ಪುಸ್ತಕದಲ್ಲಿಲ್ಲ, ಇದೇ ಕೋಣೆಯಲ್ಲಿ ಕಾಂಬಳೆ ಸರ್ ಎಂಬವರು ಕಲಿಸಿದ್ದು ಎಂದರು. ಪೇಪರಿನಲ್ಲಿ ಏನೋ ಇದೆ, ಆದರೆ ತಮ್ಮ ಒಬ್ಬರ ಕೈಯಿಂದ ತೀರ್ಪು ಕೊಡಬಾರದು ಅನ್ನಿಸಿದಾಗ ನೀವು ಅದನ್ನು ಮೂವತ್ತನಾಲ್ಕಕ್ಕೆ ನಿಲ್ಲಿಸಿ ಪಕ್ಕಕ್ಕಿಡುತ್ತಿದ್ದಿರಂತೆ. ಇದನ್ನು ಇನ್ನೊಬ್ಬರು ನೋಡಿರಿ ಎಂದು ಹೇಳುವ ನಿಮ್ಮ ರೀತಿ ಅದು ಎಂದು ಗೊತ್ತಿದ್ದವರಿಗೆಲ್ಲ ಗೊತ್ತಿತ್ತಂತೆ. ನಾನು ಆ ಪೇಪರನ್ನು ಪಕ್ಕಕ್ಕಿಟ್ಟೆ. ಆಮೇಲೆ ಊಟದ ಹೊತ್ತಿನವರೆಗೆ ಒಂದು ಪೇಪರನ್ನೂ ಸರಿಯಾಗಿ ಓದಲಾಗಲಿಲ್ಲ. ನಮ್ಮ ಆಟದ ಚೀಟಿಗಳಲ್ಲಿ ಹಸಿರು ಪೆನ್ನು ಯಾರ ಕೈಯಲ್ಲಿತ್ತು, ಸರ್? ನನ್ನ ಕೈಯಲ್ಲೇ ಅಲ್ಲವೇ? ಬಾ, ಕೂಡ್ರು, ಎಂದು ಬಾಯಿಂದಲೂ ಹೇಳಿದ್ದಿರಿ. ನಾನು ತಲೆನೋವು ಎಂದೆ.

ಆ ಭಾನುವಾರ ಬೆಳಿಗ್ಗೆ ಅಟ್ಟದ ಮೇಲಿನ ಡಬ್ಬ ಇಳಿಸಿದೆ. ಅನುಮಾನದವರು ಕಾಗದ ಎಸೆಯುವುದಿಲ್ಲ, ನಮ್ಮ ಅಂಕಣದ ಎಲ್ಲ ಚೀಟಿಗಳೂ ಇದ್ದವು. ನಿಮ್ಮ ಕೆಂಪು ಚೀಟಿಗಳನ್ನು ನೆಲದ ಮೇಲೆ ಹರಡಿದೆ. ಮೂವತ್ಮೂರು ಇದೆ, ಮೂವತ್ತಾರು ಇದೆ, ಹನ್ನೆರಡೂ ಇದೆ. ನನ್ನದೊಂದನ್ನು ಬಿಟ್ಟರೆ ಮೂವತ್ತನಾಲ್ಕು ಇನ್ನೊಂದಿಲ್ಲ. ನಿಮ್ಮ ಚೀಟಿಯನ್ನು ಮಡಚಿಯೇ ಇಟ್ಟು ಆಟ ಹಾಕಿದೆ. ಅಂದು ಸಿಟ್ಟಿನಲ್ಲಿ ಮೇಲಿನ ಮೊತ್ತ, ಕೆಳಗಿನ ಷರಾ ಬಿಟ್ಟು ನಡುವಿನ ಖಾನೆಗಳನ್ನು ನಾನು ಓದಿಯೇ ಇರಲಿಲ್ಲ.

ಮೂರು ತಾಸು ಆಡಿದೆ. ನೀವು ಬರೆದದ್ದು ಸರಿ. ಕಿಟಕಿಯ ಪಕ್ಕದ ಮುದುಕಪ್ಪನೂ, ಕೂಸು ಎತ್ತಿಕೊಂಡ ಹೆಣ್ಣುಮಗಳೂ, ಕಾಲೇಜಿನ ಹುಡುಗನೂ ಎಲ್ಲರೂ ಒಂದೇ ಥರ ಕೂತಿದ್ದಾರೆ. ಕಳ್ಳರ ಮುಖದಲ್ಲಿ ಗುರುತಿಲ್ಲ, ಸಾಚಾ ಇದ್ದವರ ಮುಖದಲ್ಲೂ ಇಲ್ಲ. ಪ್ರತಿಯೊಬ್ಬರನ್ನೂ ಕಳ್ಳರೆಂದು ತಿಳಿದು ತಡವಬೇಕು, ತಡವಿದ್ದಕ್ಕೆ ಅಂಕ ಕಳೆದುಕೊಳ್ಳಬೇಕು. ನಮ್ಮಪ್ಪ ಮೂವತ್ತು ವರ್ಷ ಅದೇ ಬಸ್ಸಿನಲ್ಲಿ ಜನರ ಕಣ್ಣು ನೋಡಿ ಗುರುತು ಹಿಡಿಯುತ್ತಿದ್ದರು, ಅವರ ಮಗಳು ಕಣ್ಣನ್ನೇ ಬರೆಯದೆ ಆಟ ಮಾಡಿದ್ದಳು. ಎಂಟು ತಿಂಗಳು ಕೂತು ನಾನು ನನ್ನ ಸ್ವಭಾವವನ್ನೇ ಬರೆದಿಟ್ಟಿದ್ದೆ. ಅದು ನಿಮಗೆ ಎರಡು ತಾಸಿನಲ್ಲಿ ಕಂಡಿತ್ತು.

ಹಸಿರು ಪೆನ್ನಿನಲ್ಲಿ ಹೊಸ ಚೀಟಿ ಬರೆದೆ. ನಿಯಮಕ್ಕೆ ಹನ್ನೊಂದು. ನ್ಯಾಯಕ್ಕೆ ಸೊನ್ನೆ. ಕೈಗೆ ಒಗ್ಗುವುದಕ್ಕೆ ಎಂಟು, ನೋಟ ಸಪ್ಪಳಕ್ಕೆ ಮೂರು. ಮತ್ತೆ ಆಡಬೇಕು ಅನ್ನಿಸುವುದಕ್ಕೆ, ನಿಮ್ಮ ಕಟ್ಟಳೆಯ ಪ್ರಕಾರ ಹೆಚ್ಚೆಂದರೆ ಎಷ್ಟು ಕೊಡಬಹುದೋ ಅಷ್ಟು, ಐದು. ಒಟ್ಟು ಇಪ್ಪತ್ತೇಳು.

ಆಮೇಲೆ ನಿಮ್ಮದನ್ನು ಬಿಚ್ಚಿದೆ. ನಿಯಮ ಹನ್ನೆರಡು, ನ್ಯಾಯ ಸೊನ್ನೆ, ಕೈ ಏಳು, ನೋಟ ಮೂರು. ಅಲ್ಲಿಗೆ ನಿಮ್ಮದೂ ಇಪ್ಪತ್ತೆರಡು, ನನ್ನದೂ ಇಪ್ಪತ್ತೆರಡು. ಕೊನೆಯ ಖಾನೆಯಲ್ಲಿ ನೀವು ಹನ್ನೆರಡು ಬರೆದಿದ್ದೀರಿ. ನ್ಯಾಯದಲ್ಲಿ ಸೊನ್ನೆ ಬಂದ ಆಟಕ್ಕೆ ಹನ್ನೆರಡು. ಕಟ್ಟಳೆ ಮಾಡಿದವರು ನೀವೇ, ಇನ್ನೊಂದು ಆಟಕ್ಕೂ ಅದನ್ನು ಮೀರಿದವರಲ್ಲ, ಉಳಿದ ಚೀಟಿಗಳನ್ನೆಲ್ಲ ಎರಡು ಸಲ ನೋಡಿದೆ. ಲೆಕ್ಕ ತಪ್ಪಿತೇ? ಗಣಿತದ ಮಾಸ್ತರರಿಗೆ? ಇಪ್ಪತ್ತೆರಡರ ಮೇಲೆ ಎಷ್ಟು ಹಾಕಿದರೆ ಮೂವತ್ತನಾಲ್ಕಾಗುತ್ತದೆ ಎಂದು ನೋಡಿ ಬರೆದ ಅಂಕ ಅದು.

ಇಷ್ಟು ವರ್ಷ ನೀವು ನನ್ನ ಹೆಸರು ನೋಡಿ ಒಂದು ಅಂಕ ಕಡಿದಿರಿ ಎಂದುಕೊಂಡಿದ್ದೆ. ಹೆಸರು ನೋಡಿದ್ದು ಖರೆ. ಆದರೆ ನೀವು ಕಡಿಯಲಿಲ್ಲ, ಏಳು ಸೇರಿಸಿದಿರಿ. ನಿಮಗೆ ಹೈಸ್ಕೂಲಿನಲ್ಲಿ ಒಬ್ಬರು ಹೀಗೆ ಸೇರಿಸಿದಾಗ ಎಷ್ಟು ನೊಂದಿದ್ದಿರಿ ಎಂದು ನೀವೇ ಹೇಳಿದ್ದಿರಿ. ಗೊತ್ತಿದ್ದೂ ನನಗೆ ಅದನ್ನೇ ಮಾಡುವಾಗ ನಿಮ್ಮ ಕೈ ತಡೆಯಲಿಲ್ಲವೇ? ಪಾಪ ಅನ್ನಿಸಿತೇ, ಅಥವಾ ಆ ಆಟದಲ್ಲಿ ನಿಜವಾಗಿ ಏನೋ ಇದೆ ಅನ್ನಿಸಿತೇ? ಒಂದು ಮಾತು ಕೇಳಿದ್ದರೆ ಅವತ್ತೇ ಹೇಳುತ್ತಿದ್ದಿರಿ. ನಾನು ನಿಮ್ಮನ್ನು ಬಾಗಿಲಿನಿಂದ ಎರಡು ಸಲ ತಿರುಗಿ ಕಳಿಸಿದೆ. ಕ್ಷಮೆ ಕೇಳಲು ಬರೆದ ಪತ್ರವಲ್ಲ ಎಂದೆ. ಅಷ್ಟೊಂದು ಜಂಬದ ಮಾತು ಬರೆಯಬಾರದಿತ್ತು. ಕ್ಷಮಿಸಿ, ಸರ್.

ನಿಮಗೆ ಗೊತ್ತಿಲ್ಲದ ಸುದ್ದಿ ಇಷ್ಟು. ಮೇ ರಜೆಯಲ್ಲಿ ಕೂತು ಆಟವನ್ನು ತಿದ್ದಿದೆ. ಟಿಕೆಟ್ ಇಲ್ಲದವರು ಈಗ ಕಂಡಕ್ಟರ್ ಹತ್ತಿರ ಬಂದಾಗ ಕಿಟಕಿಯ ಹೊರಗೆ ನೋಡುತ್ತಾರೆ. ಒಬ್ಬಿಬ್ಬರು ಬೇರೆ ಚಿಂತೆಯಲ್ಲಿ ಸುಮ್ಮನೆ ನೋಡುವವರೂ ಇರುತ್ತಾರೆ, ಅವರ ಕಣ್ಣು ಬೇರೆ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತನೆಯ ಇಯತ್ತೆಯ ಮಕ್ಕಳು ಆಡುತ್ತಾರೆ, ಸೋತವರು ತಾವೇ ತಪ್ಪಿದೆವು ಎಂದು ಒಪ್ಪಿಕೊಳ್ಳುತ್ತಾರೆ.

ಇನ್ನು ಆ ಹಳೆಯ ಚೀಟಿ. ನಿಮ್ಮ ಪದ್ಧತಿಯ ಪ್ರಕಾರ ನಾನು ಮಾಡಬೇಕಾದದ್ದು ನನಗೆ ಗೊತ್ತಿದೆ. ಮೊದಲನೆಯ ಮೌಲ್ಯಮಾಪಕರು ಹೆಸರು ತಿಳಿದು, ಕಟ್ಟಳೆ ಮೀರಿ, ಏಳು ಅಂಕ ಹೆಚ್ಚು ಕೊಟ್ಟಿದ್ದಾರೆ. ಅದನ್ನು ಹಸಿರಿನಲ್ಲಿ ಹೊಡೆದು ಪಕ್ಕಕ್ಕೆ ಇಪ್ಪತ್ತೇಳು ಎಂದು ಬರೆದು ಸಹಿ ಹಾಕಬೇಕು. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಇನ್ನು ಯಾರ ಪೇಪರಿನಲ್ಲೂ ಇಂಥ ತಪ್ಪನ್ನು ನಾನು ಬಿಡುವವಳಲ್ಲ. ನಿಮ್ಮದೊಂದನ್ನು ಬಿಡುತ್ತೇನೆ. ನಾನಿರುವ ತನಕ ಆ ಮೂವತ್ತನಾಲ್ಕನ್ನು ಯಾರಿಗೂ ತಿದ್ದಲು ಕೊಡುವುದಿಲ್ಲ.

ನಿಮ್ಮ
ರೇಣುಕಾ